ಆರಾಮ ಅದೀನಿ

ಮಸ್ಕಿ
೧೨ ನವೆಂಬರ್ ೨೦೨೪, ಮಂಗಳವಾರ ಮುಂಜಾನಿ

ಅಮರಿ ಅಪ್ಪನವರಿಗೆ,

ನಿಮ್ಮ ರೇಣುಕಾ ಕೈಮುಗದು ಬರಿಯೂದು. ನಾವೆಲ್ಲಾ ಇಲ್ಲಿ ಆರಾಮ ಅದೀವಿ, ನೀವೂ ಅಲ್ಲಿ ಆರಾಮ... ಇಲ್ಲ, ಈ ಸಾಲು ಹೊಡದು ಹಾಕೀನಿ, ನೋಡ್ರಿ. ಪೆನ್ನು ಹಿಡದ ಕೂಡ್ಲೆ ಕೈ ತಾನೇ ಬರದುಬಿಡ್ತು. ಸಾಲ್ಯಾಗ ಮಾಸ್ತರು ಪತ್ರ ಬರಿಯೂದು ಕಲಿಸಿದಾಗಿಂದ ಬಂದ ಚಟ. ಯಾಕ ಹೊಡದು ಹಾಕಿದೆ ಅನ್ನೂದು ಪೂರಾ ಓದಿದ ಮ್ಯಾಲ ನಿಮಗ ತಿಳೀತದ. ಈಗ ನೇರ ಕೇಳ್ತೀನಿ. ಎದಿ ಹೆಂಗದ? ಎಡಗೈ ಜೋಮು ಹಿಡಿಯೂದು ನಿಂತದೋ, ಇನ್ನೂ ಅದನೋ? ಭತ್ತ ಕೊಯ್ಯೂ ಮಷಿನ್ ಏಣಿ ಹತ್ತುವಾಗ ಉಸಿರು ಕಟ್ತದೇನು? ನಿನಗ ಯಾರು ಹೇಳಿದ್ರು ಅಂತ ಸಿಟ್ಟಿಗೇಳಬ್ಯಾಡ್ರಿ. ಹೇಳಿದವರ ಮ್ಯಾಲ ಸಿಟ್ಟಾಗೂ ಹಕ್ಕು ನಿಮಗಿಲ್ಲ.

ಫೋನ್ ಇದ್ದೂ ಪತ್ರ ಯಾಕ ಅಂತ ನಗಬ್ಯಾಡ್ರಿ. ಫೋನಿನ್ಯಾಗ ನಾ ಬಾಯಿ ತೆರಿಯೂದ್ರೊಳಗ ನೀವು "ಆರಾಮ ಅದೀನಿ, ಊಟ ಆತು, ಇಡು" ಅಂತೀರಿ. ಮಷಿನ್ ಚಾಲೂ ಇದ್ರ ಗದ್ದಲ, ಬಂದ್ ಇದ್ರ ಬಾಜೂಕ ನಾಕು ಮಂದಿ. ನಮ್ಮ ಇಷ್ಟು ವರ್ಷದ ಸಂಸಾರದಾಗ ಫೋನಿನ್ಯಾಗ ಒಂದು ಹಕೀಕತ್ತು ಪೂರಾ ಮಾತಾಡಿದ್ದು ನನಗ ನೆನಪಿಲ್ಲ. ಪತ್ರಕ್ಕ ಇಡು ಅನ್ನಾಕ ಬರೂದಿಲ್ಲ. ನಿಮ್ಮ ದೋಸ್ತ ಅಮೀನ್‌ಸಾಬಣ್ಣ ಲಿಂಗಸುಗೂರಾಗ ಗೋಣಿಚೀಲದ ಲೋಡು ತುಂಬ್ಕೊಂಡು ಮಧ್ಯಾಹ್ನ ನಮ್ಮ ಮನಿ ಮುಂದ ಲಾರಿ ನಿಲ್ಲಸ್ತೀನಿ ಅಂದಾನ. ಅಲ್ಲಿಂದ ಸಿಂಧನೂರು, ರಾಯಚೂರು ಹಿಡದು ನಾಳಿ ಹೊತ್ತೇರೂದ್ರೊಳಗ ನೀವಿರೂ ಮಿರ್ಯಾಲಗೂಡಕ್ಕ ಮುಟ್ತಾನಂತ. ರೊಟ್ಟಿ ಗಂಟಿನ್ಯಾಗ, ಶೇಂಗಾ ಚಟ್ನಿ ಡಬ್ಬಿ ಕೆಳಗ ಈ ಪತ್ರ ಇಡ್ತೀನಿ. ಮೊದಲ ಉಣ್ರಿ, ಆಮ್ಯಾಲ ಓದ್ರಿ. ಸಿಟ್ಟಿನ್ಯಾಗ ರೊಟ್ಟಿ ಬಿಟ್ಟು ಎದ್ದೀರಿ ಮತ್ತ.

ಮನಿ ಸುದ್ದಿ ಹೇಳಿಬಿಡ್ತೀನಿ, ಇಲ್ಲಾಂದ್ರ ನಿಮಗ ಸಮಾಧಾನ ಇರೂದಿಲ್ಲ. ಅತ್ತಿಯವರ ಸಕ್ಕರಿ ಬ್ಯಾನಿ ಹಂಗೇ ಅದ, ಗುಳಿಗಿ ತೊಗೊಳ್ತಾರ, ಗುಳಿಗಿ ತೊಗೊಂಡೀನಲ್ಲ ಅಂತ ಮ್ಯಾಲ ಎರಡು ಉಂಡಿ ಸೈತ ತಿಂತಾರ. ದೀಪಾವಳಿಗೆ ಮಾಡಿದ ಉಂಡಿ ಡಬ್ಬಿ ನಾ ಎಲ್ಲಿ ಮುಚ್ಚಿಟ್ರೂ ಅವರಿಗೆ ಹೆಂಗ ಗೊತ್ತಾಗ್ತದೋ ದೇವರಿಗೇ ಗೊತ್ತು. ಅಮರಿ ದಿನಾ ಲಿಂಗಸುಗೂರ ಬಸ್ಸಿಗೆ ಕಾಲೇಜಿಗೆ ಹೋಗಿ ಬರಾಕತ್ತಾಳ, ಬಸ್ಸಿನ್ಯಾಗ ನಿಂತು ನಿಂತು ಕಾಲು ನೋವು ಅಂತಾಳ, ಮನಿಗೆ ಬಂದ್ರ ಫೋನ್ ಹಿಡ್ಕೊಂಡು ಕುಂತು ಕಾಲು ನೋವು ಮರೀತಾಳ. ಈ ಕಡೀ ಭತ್ತಾನೂ ಹಣ್ಣಾಗಾಕತ್ತದ. ಆರ್.ಎಚ್. ಕ್ಯಾಂಪಿನ ರೈತರು ಇಬ್ಬರು ಮೊನ್ನೆ ನಮ್ಮ ಸಂಘದ ಆಫೀಸಿಗೆ ಬಂದಾಗ ನಿಮ್ಮನ್ನ ಕೇಳಿದ್ರು, ಮಷಿನ್ ಯಾವಾಗ ಬರ್ತದ, ಅಣ್ಣಗ ಹೇಳಿ ನಮ್ಮ ಹೊಲ ಮೊದಲ ಹಿಡಸ್ರಿ ಅಂದ್ರು. ನಿಮ್ಮ ಕೈ ಕೊಯ್ಲಾದ್ರ ಕಾಳು ಉದುರೂದಿಲ್ಲಂತ. ನನಗ ಅದನ್ನ ಕೇಳಿ ಹೆಮ್ಮಿ ಆತು, ಅದರ ಹಿಂದ ಸಂಕಟಾನೂ ಆತು.

ಈಗ ಕಾರ್ಡಿನ ಮಾತು. ದೀಪಾವಳಿಗೆ ಮೊದಲ ನಮ್ಮ ಪತ್ತಿನ ಸಂಘದಾಗ ಸೆಕ್ರೆಟ್ರಿ ನಮ್ಮನ್ನೆಲ್ಲಾ ಕುಂದ್ರಿಸಿ ಹೇಳಿದ್ರು, ಈ ಸಲ ಕೆಲಸಗಾರರ ಮನಿ ಮಂದಿಗೆಲ್ಲಾ ಆರೋಗ್ಯ ವಿಮಾ ಮಾಡಸ್ತೀವಿ, ಮೂರು ನಮೂನಿ ಅದಾವ, ಒಂದು ಆರಿಸ್ಕೋರಿ ಅಂತ. ಬಿಳಿ ಕಾರ್ಡು, ಹಸರು ಕಾರ್ಡು, ಬಂಗಾರ ಕಾರ್ಡು. ಬಿಳೀದಕ್ಕ ನನ್ನ ಪಗಾರದಾಗ ತಿಂಗಳಾ ನಾಕುನೂರು ಹಿಡೀತಾರ, ಆದ್ರ ದವಾಖಾನ್ಯಾಗ ಮಕ್ಕೊಂಡ್ರ ಮೊದಲಿನ ಐವತ್ತು ಸಾವಿರ ನಮ್ಮ ಕೈಲಿಂದ ಹೋಗಬೇಕು, ಅದರ ಮ್ಯಾಲಿಂದು ಕಂಪನಿದು. ಹಸರಿಗೆ ಸಾವಿರ ಹಿಡೀತಾರ, ನಮ್ಮ ಕೈಲಿಂದ ಇಪ್ಪತ್ತು ಸಾವಿರ. ಈ ಎರಡರಾಗೂ ಮೊದಲಿಂದ ಇದ್ದ ಬ್ಯಾನಿಗೆ ಮೂರು ವರ್ಷ ಕಾಯಬೇಕು. ಬಂಗಾರದ್ದಕ್ಕ ತಿಂಗಳಾ ಎರಡು ಸಾವಿರ ಹಿಡೀತಾರ. ಅದರಾಗ ನಮ್ಮದು ಐದು ಸಾವಿರ ಅಷ್ಟೇ, ಹಳೀ ಬ್ಯಾನಿಗೂ ಮೊದಲನೇ ದಿನದಿಂದಾನ ಕೊಡ್ತಾರ. ಒಂದು ಶರತ್ತು ಅದ. ಇದ್ದ ಬ್ಯಾನಿ ಇದ್ದಂಗ ಹೇಳಿರಬೇಕು, ಅದಕ್ಕ ಡಾಕ್ಟರ್ ತಪಾಸಣಿ ಮಾಡಿದ ಕಾಗದ ಹಚ್ಚಿರಬೇಕು. ಇಪ್ಪತ್ತನೇ ತಾರೀಕು ಕೊನಿ. ಒಮ್ಮೆ ಆರಿಸಿದ್ರ ವರ್ಷತನಕ ಬದಲಿ ಮಾಡಾಕ ಬರೂದಿಲ್ಲ.

ಸೆಕ್ರೆಟ್ರಿ ಅಂದ್ರು, ಸುಮ್ಕ ಕಡಿಮಿ ರೊಕ್ಕದ್ದು ನೋಡಿ ಟಿಕ್ ಹಾಕಬ್ಯಾಡ್ರಿ, ಮುಂದಿನ ವರ್ಷ ನಿಮ್ಮ ಮನ್ಯಾಗ ಯಾರಿಗೆ ಏನು ಬರಬಹುದು, ಎಷ್ಟು ಖರ್ಚಾಗಬಹುದು, ಕುಂತು ಅಂದಾಜು ಹಾಕ್ರಿ. ನಾ ಮನಿಗೆ ಬಂದು ಅತ್ತಿ ಮುಂದ ಕುಂತೆ. ಹ್ವಾದ ವರ್ಷ ಅಮರಿಗೆ ಡೆಂಗಿ ಆಗಿ ಲಿಂಗಸುಗೂರ ದವಾಖಾನ್ಯಾಗ ಮಕ್ಕೊಂಡಿದ್ಲಲ್ಲ, ಅದೊಂದೇ. ಅತ್ತೀ, ಮುಂದಿನ ವರ್ಷ ನಿಮಗ ಸಕ್ಕರಿ ಏರಿ ಕಾಲಿಗೆ ಏನಾರ ಆದ್ರ, ಅಂತ ನಾ ಅನ್ನೂದ್ರಾಗ ಅತ್ತಿ ಕೈಯಾಗಿನ ಅಕ್ಕಿ ಆರಿಸೂ ಮರ ಕೆಳಗಿಟ್ಟು, ಬಿಡ್ತು ಅನ್ನು ಅಂದ್ರು. ಬಿಡ್ತು ಅಂದೆ. ಅಮರಿಗೆ ಮತ್ತ ಜ್ವರ ಬಂದ್ರ ಅಂದೆ. ಬಿಡ್ತು ಅನ್ನು. ಅದಕ್ಕೂ ಬಿಡ್ತು ಅಂದೆ. ಇನ್ನ ನಿಮ್ಮ ಮಗ ಬಿಸಲಾಗ ದಿನಾ ಮಷಿನ್ ಮ್ಯಾಲ, ಅನ್ನೂದಕ್ಕ ಅವರು ಎದ್ದೇ ನಿಂತ್ರು. ಬಾರದ ಬ್ಯಾನಿಗೆ ಚಾಪಿ ಹಾಸಿ ಕರೀತಿಯೇನು, ಹೊಸ್ತಿಲ ಮುಂದ ದೀಪ ಹಚ್ಚಿದ ಹೊತ್ತು ಇದು, ನಿನಗ ಆ ಸಂಘದವರು ಏನು ಕಲಸಾಕತ್ತಾರ ಅಂತ ಬೈದು, ಅಡಗಿಮನಿಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನಮ್ಮ ಮೂರೂ ಮಂದಿಗೆ ದೃಷ್ಟಿ ಇಳೇ ತಗದು ಒಲಿಗೆ ಹಾಕಿದ್ರು. ಮನಿ ತುಂಬ ಘಾಟು, ಅಮರಿ ಕೆಮ್ಮಿ ಕೆಮ್ಮಿ ಹೊರಗ ಓಡಿದ್ಲು. ಹಿಂಗ ಆತು ನಮ್ಮ ಅಂದಾಜು.

ನಾನೂ ಬಿಳಿ ಕಾರ್ಡಿಗೇ ಟಿಕ್ ಹಾಕೂದಂತ ಮನಸ್ಸು ಮಾಡಿದ್ದೆ, ಖರೇನ ಹೇಳ್ತೀನಿ. ಎಲ್ಲಾರೂ ಗಟ್ಟಿ ಅದಾರ, ಬಂಗಾರದ್ದಕ್ಕ ಹೋಗೂ ರೊಕ್ಕ ವರ್ಷಕ್ಕ ಇಪ್ಪತ್ತು ಸಾವಿರದ ಹತ್ರ ಉಳೀತದ, ಅದು ನಿಮ್ಮ ಮಷಿನ್ ಪಾಲಿನ ಖರ್ಚಿಗೆ ಆಗ್ತದ ಅಂತ. ಮುದುಕಪ್ಪ ಸಾವ್ಕಾರ್ರು ಈ ಸೀಜನ್ ರಿಪೇರಿ ಬಿಟ್ರ ಮಷಿನ್ ಒಂದು ದಿನಾನೂ ಸುಮ್ಕ ನಿಲ್ಲಿಸದಂಗ ಮುಗಿಸಿಕೊಟ್ರ ಮಷಿನ್ನಿನ್ಯಾಗ ನಿನಗ ನಾಕಾಣೆ ಪಾಲು ಬರದು ಕೊಡ್ತೀನಿ ಅಂದಾರಂತ ನೀವು ಹೇಳಿದ ರಾತ್ರಿ ನನಗೂ ನಿದ್ದಿ ಬಂದಿದ್ದಿಲ್ಲ. ಮಂದಿ ಮಷಿನ್ ನಡಿಸಿ ನಡಿಸಿ ನಿಮ್ಮ ಕೂದಲು ಬೆಳ್ಳಗಾಗ್ಯಾವ. ನಿಮ್ಮ ಅಪ್ಪನವರು ಮಂದಿ ಕುರಿ ಕಾಯ್ಕೊಂತನ ಹೋದ್ರು. ನಮ್ಮದು ಅಂತ ಒಂದು ಗಾಲಿ ಆದ್ರೂ ಇರ್ಲಿ ಅನ್ನೂದು ನಿಮಗಷ್ಟೇ ಅಲ್ಲ, ನನಗೂ ಅದ. ಇದನ್ನ ಯಾಕ ಬರದೀನಿ ಅಂದ್ರ, ಮುಂದಿಂದು ಓದಿ ಆಕಿಗೆ ಪಾಲಿನ ಕಿಮ್ಮತ್ತು ತಿಳೀಲಿಲ್ಲ ಅಂತ ನೀವು ಅನ್ನಬಾರದು.

ಆಮ್ಯಾಲ ವಿಮಾ ಕಂಪನಿ ಹುಡುಗಿ ಫೋನ್ ಬಂತು. ಮೊದಲ ನನಗ ಹಚ್ಚಿದ್ಲು. ಗಂಡನ ಹೆಸರು ಹೇಳ್ರಿ ಅಂದ್ಲು. ಅತ್ತಿ ಎದುರಿಗೇ ಕುಂತಿದ್ರು, ನನ್ನ ಬಾಯಿಗೆ ಬರಲಿಲ್ಲ, ಕಾಗದದಾಗ ಅದ ನೋಡವ್ವ ಅಂದೆ. ಇಲ್ಲ ಮೇಡಂ, ನೀವೇ ಹೇಳಬೇಕು, ರೆಕಾರ್ಡ್ ಆಗ್ತದ ಅಂದ್ಲು. ಹಿತ್ತಲಕ ಹೋಗಿ, ನೀರಿನ ಟಾಕಿ ಹಿಂದ ನಿಂತು, ಮಾಳಿಂಗರಾಯ ಅಂತ ಅಂದು ಬಂದೆ. ಮೈ ಝುಂ ಅಂತು. ಆಮ್ಯಾಲ ಅತ್ತಿಗೆ ಫೋನ್ ಕೊಟ್ಟೆ. ಆ ಹುಡುಗಿ ಸಕ್ಕರಿ ಬ್ಯಾನಿ ಅದ ಏನ್ರಿ ಅಮ್ಮಾರ ಅಂತ ಕೇಳಿದ್ರ ನಿಮ್ಮ ಅವ್ವ, "ಆರಾಮ ಅದೀನವ್ವ, ನೀ ಹೆಂಗದೀ? ಊಟ ಮಾಡಿದೇನು?" ಅಂದ್ರು. ಬಿ.ಪಿ.? ಆರಾಮ ಅದೀನಿ. ಆಪರೇಷನ್ ಏನಾರ ಆಗ್ಯದೇನು? ಏನಿಲ್ಲವ್ವ, ಆರಾಮ ಅದೀನಿ. ಬಾಜೂಕ ಗುಳಿಗಿ ಪುಡಕಿ ಬಿದ್ದದ, ನಾ ಕೈಸನ್ನಿ ಮಾಡ್ತೀನಿ, ನನ್ನ ಕಡೀ ನೋಡೂದೇ ಇಲ್ಲ. ಫೋನ್ ಇಟ್ಟ ಮ್ಯಾಲ ಯಾಕ ಸುಳ್ಳು ಹೇಳಿದ್ರಿ ಅಂದ್ರ, ಸುಳ್ಳೇನು, ಯಾವ ಊರ ಹುಡುಗೀನೋ ಏನೋ, ಪಾಪ ಇಷ್ಟು ಪ್ರೀತಿಲೆ ಕೇಳಾಕತ್ತಾಳ, ಆಕಿ ಮುಂದ ನನ್ನ ಗೋಳು ಹೇಳ್ಕೊಂಡು ಕುಂದ್ರಲೇನು ಅಂದ್ರು.

ಅವರದೇನೂ ತಪ್ಪಿಲ್ಲ. ನಮ್ಮ ಕಡೀ ಯಾರು ಕೇಳಿದ್ರೂ ಆರಾಮ ಅಂತೀವಿ. ಜ್ವರ ಬಂದು ಕೌದಿ ಹೊತ್ತು ಮಕ್ಕೊಂಡವರು ಸೈತ ಮುಖ ಹೊರಗ ಹಾಕಿ ಆರಾಮ ಅದೀನಿ ಅಂತಾರ, ನಮಸ್ಕಾರ ಅಂದ್ರ ನಮಸ್ಕಾರ ಅಂದಂಗ. ಫೋನಿನ ಹುಡುಗಿಗೆ ಅದು ಹೆಂಗ ಗೊತ್ತಾಗಬೇಕು? ಆಕಿ ಬ್ಯಾನಿ ಇಲ್ಲ ಅಂತ ಬರ್ಕೊಂಡ್ಲು. ಆವತ್ತ ಸಂಜಿಮುಂದ ಆಕಿಗೆ ತಿರುಗಿ ಫೋನ್ ಹಚ್ಚಿ, ನಮ್ಮ ಅತ್ತಿಗೆ ಸಕ್ಕರಿ ಅದ, ತಿದ್ದಿ ಬರ್ಕೋರಿ ಅಂದೆ. ಆಕಿ ನಕ್ಕಳು. ನಕ್ಕು, ನಿಮ್ಮ ಯಜಮಾನ್ರಿಗೂ ಹಚ್ಚಿದ್ದೆ ಮೇಡಂ, ಅವರೂ ಎಲ್ಲಾ ಸವಾಲಿಗೂ ಆರಾಮ ಅದೀನಿ ಅಂದ್ರು, ಅವರದು ಅಡ್ಡಿಯಿಲ್ಲಲ್ಲ ಅಂದ್ಲು. ಇಲ್ಲವ್ವ, ಅವರು ಗಟ್ಟಿ ಅದಾರ ಅಂತ ನಾ ಹೇಳಿದೆ. ಅದೇ ನನ್ನ ಬಾಯಿಲೆ ಹೇಳಿದೆ ನೋಡ್ರಿ.

ಅದಾದ ಎರಡು ದಿನಕ್ಕ ಅಮೀನ್‌ಸಾಬಣ್ಣ ಬಂದ. ನಿಮ್ಮ ಮಷಿನ್ನಿನ ಡೀಸಲ್ ಪಂಪು ಸಿಂಧನೂರ ಫಿಟ್ಟರ್ ಹತ್ರ ಬಿಟ್ಟು, ಮುದಗಲ್ಲಿಗೆ ತನ್ನ ಮನಿಗೆ ಹೊಂಟವ ನಿಮ್ಮ ಅರವಿ ಗಂಟು ಕೊಡಾಕ ಇಳದಿದ್ದ. ಚಾ ಕೊಟ್ಟೆ. ಹೆಂಗದಾರ ಅಂದೆ. ಆರಾಮ ಅದಾನ ತಂಗಿ ಅಂದ. ಅಂದು, ಚಾ ಕುಡಿಯೂದು ಬಿಟ್ಟು ಬಸಿ ನೋಡ್ಕೊಂತ ಕುಂತ. ಅಮೀನ್‌ಸಾಬಣ್ಣನ ಬಾಯಿ ನಿಮಗ ಗೊತ್ತಲ್ಲ, ಲಾರಿ ಹಾರ್ನ್ ಒಂದು ಸುಮ್ಕ ಇದ್ದೀತು, ಆತ ಸುಮ್ಕ ಇರೂದಿಲ್ಲ. ಆತ ಸುಮ್ಕ ಕುಂತಿದ್ದು ನೋಡೇ ನನಗ ಸಂಶಯ ಬಂತು. ನಿಮ್ಮ ಮಗಳ ಆಣಿ ಹಾಕಿ ಕೇಳಿದೆ. ಎರಡು ಸಲ ಮಷಿನ್ ನಡೂ ಹೊಲದಾಗ ನಿಲ್ಲಿಸಿ ಎದಿ ಹಿಡ್ಕೊಂಡು ಗಾಲಿ ನೆಳ್ಳಿನ್ಯಾಗ ಕುಂತಿದ್ದ, ಅಂಗಿ ಪೂರಾ ತೊಯ್ದಿತ್ತು, ಎಡಗೈ ಜಾಡಿಸ್ಕೊಂತಿದ್ದ, ನಾ ದವಾಖಾನಿಗೆ ನಡಿ ಅಂದ್ರ ಗ್ಯಾಸ್ ಅದ ಅಂದ, ರೇಣುಕಾಗ ಹೇಳಿದಿ ಅಂದ್ರ ನಿನ್ನ ಮುಖ ನೋಡೂದಿಲ್ಲ ಅಂದ ಅಂತ ಹೇಳಿದ. ಹೇಳಿ ಕಣ್ಣಾಗ ನೀರು ತಂದ, ರೀ. ನಿಮ್ಮ ದೋಸ್ತಗ ಅಳು ಬರಿಸೀರಿ ನೀವು.

ಆಗಿಂದಾಗ ನಾ ನಿಮಗ ಫೋನ್ ಹಚ್ಚಿದೆ. ನಿಮಗ ನೆನಪದ. ಎದಿ ನೋವು ಅಂತಲ್ಲ ಅಂದೆ. ಯಾರು ಅಂದಾರ ಅಂದ್ರಿ. ಯಾರಾರ ಅನ್ಲಿ, ಅದನೋ ಇಲ್ಲೋ ಅಂದೆ. ಆರಾಮ ಅದೀನಿ, ಇಡು ಅಂದ್ರಿ. ಮಷಿನ್ ಬಂದ್ ಇತ್ತು, ಪಂಪು ಸಿಂಧನೂರಾಗ ಇತ್ತು, ಗದ್ದಲ ಇದ್ದಿಲ್ಲ. ನಿಮ್ಮ ಉಸಿರು ನನಗ ಕೇಳಾಕತ್ತಿತ್ತು.

ಇಲ್ಲಿ ತಿಮ್ಮವ್ವನ ಸುದ್ದಿ ಹೇಳಬೇಕು. ನಮ್ಮ ಸಂಘದಾಗ ಕಸಾ ಹೊಡೀತಾಳಲ್ಲ, ಆಕಿ. ಆಕಿ ಗಂಡ ಮೊದಲ ಯಾವದೋ ಕಾರ್ಖಾನ್ಯಾಗ ಇದ್ದ, ಅಲ್ಲಿ ಹಿಂಗೇ ವಿಮಾ ಮಾಡಿಸಿದ್ರಂತ. ಕಾಲು ಬಾವು ಬರ್ತಿತ್ತು, ಮೂತ್ರಪಿಂಡದ ಬ್ಯಾನಿ ಅಂತ ಡಾಕ್ಟರ್ ಹೇಳಿದ್ದೂ ಆಗಿತ್ತು. ಕೇಳಾಕ ಬಂದವರ ಮುಂದ ಆತನೂ ಆರಾಮ ಅದೀನಿ ಅಂದ. ಆರು ತಿಂಗಳಿಗೆ ದವಾಖಾನಿ ಸೇರಿದಾಗ ಹಳೀ ಚೀಟಿ ಹೊರಗ ಬಿದ್ದು, ಬ್ಯಾನಿ ಮುಚ್ಚಿಟ್ಟೀರಿ ಅಂತ ಕಂಪನಿಯವರು ಬಿಲ್ಲು ಪೂರಾ ವಾಪಸ್ ಕಳಿಸಿದ್ರು. ತಿಮ್ಮವ್ವನ ಕಿವ್ಯಾಗಿಂದು ಹೋತು, ಕೊರಳಾಗಿಂದು ಹೋತು, ಕಡೀಕ ಆತನೂ ಹೋದ. ನಿನ್ನೆ ನಾ ಕಾಗದ ಮುಂದಿಟ್ಕೊಂಡು ಕುಂತಾಗ ಆಕಿ ಕಸಬರಗಿ ಹಿಡ್ಕೊಂಡು ನಿಂತು, "ಅಕ್ಕಾ, ಆರಾಮ ಅಂತ ಮಾತ್ರ ಬರೀಬ್ಯಾಡ" ಅಂದ್ಲು. ಹಂಗಂದು ಟೇಬಲ್ ಕೆಳಗ ಕಸಾ ಹೊಡಿಯಾಕ ಹತ್ತಿದ್ಲು.

ಮೊನ್ನೆ ಐತವಾರ ಸಿಂಧನೂರಿಗೆ ಹೋಗಿದ್ದೆ. ಫಿಟ್ಟರ್ ಹತ್ರ ಬಿಟ್ರ ಯಾವನಾರ ಎತ್ಕೊಂಡು ಹೋಗ್ತಾನ, ಪಂಪು ಮನಿಗೆ ತಂದಿಡು ಅಂತ ನೀವೇ ಹೇಳಿದ್ರಲ್ಲ. ರಿಪೇರಿ ಛಲೋ ಆಗ್ಯದಂತ, ಫಿಟ್ಟರ್ ನನ್ನ ಮುಂದನ ಕಲ್ಲಿನ ಮ್ಯಾಲ ಇಟ್ಟು ತಿರುವಿ ತೋರಿಸಿದ. ಜರಾ ತಡ ಆಗಿದ್ರ ಒಳಗ ಪೂರಾ ಹೋಗ್ತಿತ್ತು ಅಕ್ಕಾ, ಅಣ್ಣ ಶಾಣ್ಯಾ, ಸಪ್ಪಳ ಬದಲಾದ ಕೂಡ್ಲೆ ಬಿಚ್ಚಿ ಕಳಿಸ್ಯಾನ ಅಂದ. ನಾ ಅಂಗಡಿ ಕಟ್ಟಿ ಮ್ಯಾಲ ಕುಂತು ನಕ್ಕೆನೋ ಅತ್ತೆನೋ ನನಗೇ ತಿಳೀಲಿಲ್ಲ. ಮಷಿನ್ನಿನ ಪಂಪು ಒಂದು ಸಲ ಕೆಮ್ಮಿದ್ರ ಅವತ್ತೇ ಬಿಚ್ಚಿ, ಗೋಣಿ ಸುತ್ತಿ, ಲಾರಿ ಹತ್ತಿಸಿ ಕಳಸ್ತೀರಿ. ನಿಮ್ಮ ಎದ್ಯಾಗಿನ ಪಂಪು ಎರಡು ಸಲ ಮಷಿನ್ನನ್ನೇ ನಿಲ್ಲಿಸ್ಯದ, ಅದಕ್ಕ ಗ್ಯಾಸ್ ಅಂತೀರಿ.

ಅಲ್ಲಿಂದ ಪಂಪು ಬಗಲಾಗ ಇಟ್ಕೊಂಡೇ ಎದಿ ಡಾಕ್ಟರ್ ಹತ್ರ ಹೋದೆ. ಸಾಲಿನ್ಯಾಗ ಕುಂತವರೆಲ್ಲಾ ನನ್ನ ಗೋಣಿಗಂಟು ನೋಡಾಕತ್ತಿದ್ರು, ಡೀಸಲ್ ವಾಸನಿ ಬ್ಯಾರೆ. ನಿಮ್ಮ ಹೆಸರಿಲೆ ಚೀಟಿ ಮಾಡಿಸಿ, ಅಮೀನ್‌ಸಾಬಣ್ಣ ಹೇಳಿದ್ದನ್ನ ಹೇಳಿದ್ದಂಗ ಹೇಳಿದೆ. ಡಾಕ್ಟರ್ ವಯಸ್ಸು ಕೇಳಿದ್ರು, ಬೀಡಿ ಕೇಳಿದ್ರು, ನಿಮ್ಮ ಅಪ್ಪ ಹೆಂಗ ತೀರ್ಕೊಂಡ್ರು ಅಂತ ಕೇಳಿದ್ರು. ಕುರಿಹಟ್ಟ್ಯಾಗ ಮುಂಜಾನಿ ಕುಂತಲ್ಲೇ ಹೋದ್ರು ಅಂದೆ. ಅವರು ಪೆನ್ನು ಕೆಳಗಿಟ್ರು. "ಇದು ಕಾಯೂ ಬ್ಯಾನಿ ಅಲ್ಲಮ್ಮ, ಅವರನ್ನ ಕರಕೊಂಡು ಬಾ" ಅಂದ್ರು. ಸೀಜನ್ ಮುಗಿಯಾಕ ಇನ್ನೂ ತಿಂಗಳಾಗ್ತದ ಅಂದೆ. ಸೀಜನ್ ಆತನ್ನ ಕಾಯ್ತದ, ಎದಿ ಕಾಯೂದಿಲ್ಲ ಅಂದ್ರು. ತಪಾಸಣಿ ಮಾಡಿದ ದಿನಾನ ಕಂಪನಿಗೆ ಬೇಕಾದ ಕಾಗದ ಬರದು ಕೊಡ್ತಾರಂತ. ಎದಿ ರಕ್ತನಾಳದಾಗ ನಳಿಗಿ ಹಾಕೂದು ಬಂದ್ರ ಎಷ್ಟಾಗ್ತದ ಅಂತ ಕೇಳಿದೆ. ಅವರು ಹೇಳಿದ ರೊಕ್ಕ ನಾ ಇಲ್ಲಿ ಬರಿಯೂದಿಲ್ಲ, ಅದನ್ನ ಓದಿ ಮತ್ತ ಎದಿ ಹಿಡ್ಕೊಂಡೀರಿ. ಬಿಳಿ ಕಾರ್ಡು, ಹಸರು ಕಾರ್ಡು ಇದಕ್ಕ ಮೂರು ವರ್ಷ ಬರೂದಿಲ್ಲ. ಬಂಗಾರದ್ದೊಂದೇ ಬರ್ತದ, ಅದೂ ಇಪ್ಪತ್ತರೊಳಗ ಖರೇ ಹೇಳಿದ್ರ. ಇಷ್ಟೇ ನೋಡ್ರಿ ಅಂದಾಜು, ಇನ್ನ ಗುಣಾಕಾರ ಭಾಗಾಕಾರ ಏನೂ ಉಳದಿಲ್ಲ.

ಉಳದಿದ್ದು ನಿಮ್ಮ ಹೆದರಿಕಿ. ಅದು ನನಗ ತಿಳೀತದ. ನಮ್ಮ ಸೆಕ್ರೆಟ್ರಿ ಮುದುಕಪ್ಪ ಸಾವ್ಕಾರ್ರ ಅಳಿಯ. ನಾ ಕಾಗದದಾಗ ಎದಿ ನೋವು ಅಂತ ಬರದು ಕೊಟ್ರ ಅದು ಸಂಜಿಗೆ ಮಾವನ ಮನಿ ಚಾದ ಕೂಡ ಹೋಗ್ತದ. ಎದಿ ಬ್ಯಾನಿ ಇದ್ದವನ್ನ ಮಷಿನ್ ಮ್ಯಾಲ ಕುಂದ್ರಸೂದು ಹೆಂಗ ಅಂತ ಅವರು ಬ್ಯಾರೆ ಡ್ರೈವರ್ ಹುಡುಕಬಹುದು. ಪಾಲು ಹೋಗಬಹುದು. ಹೋಗಬಹುದು ಅಂತ ಅಲ್ಲ, ಹೋಗ್ತದ ಅಂತಾನ ಇಟ್ಕೋರಿ. ನಾನೂ ಎರಡು ದಿನ ಅದನ್ನೇ ನೆನಸ್ಕೊಂತ, ನಿಮ್ಮ ಹೆಸರಿನ ಮುಂದಿನ ಜಾಗ ಖಾಲಿ ಬಿಟ್ಟು, ಕಾಗದ ಬ್ಯಾಗಿನ್ಯಾಗ ಇಟ್ಕೊಂಡು ಅಡ್ಡಾಡೀನಿ. ಗ್ಯಾಸೇ ಇದ್ದೀತು ಅಂತ ನನಗ ನಾನೇ ಹೇಳ್ಕೊಂಡೀನಿ. ಆದ್ರ ರೀ, ನಾಕಾಣೆ ಪಾಲು ಯಾರ ಹೆಸರಿಲೆ ಬರಸೂದು? ಮಷಿನ್ ಏಣಿ ಹತ್ತಾಕ ನಾ ಹೋಗ್ಲೇನು, ಅಮರಿ ಹೋಗ್ತಾಳೇನು? ನನಗ ಪಾಲೂ ಬೇಕು. ನಾ ಆಸಿ ಇಲ್ಲದಾಕಿ ಅಲ್ಲ. ಆದ್ರ ಮೊದಲ ನೀವು ಬೇಕು. ಇದನ್ನ ನಿಮ್ಮ ಮುಖ ನೋಡಿ ಹೇಳಾಕ ನನಗ ನಾಚಿಕಿ, ಅದಕ್ಕ ಬರದೀನಿ.

ಅತ್ತಿಗೆ ಗೊತ್ತಾಗಬಾರದು ಅಂತ ಮಾಡಿದ್ದೆ. ನಿನ್ನೆ ಸಂಜಿಮುಂದ ಅಮರಿ ಮುಂದ ಹೇಳುವಾಗ ಅವರು ಬಾಗಲ ಹಿಂದ ಅಕ್ಕಿ ಆರಿಸ್ಕೊಂತ ಕುಂತಿದ್ದು ನೋಡಿದ್ದಿಲ್ಲ. ಅಳ್ತಾರ ಅಂತ ತಿಳ್ಕೊಂಡೆ, ಬಿಡ್ತು ಅನ್ನು ಅಂತಾರ ಅಂತ ತಿಳ್ಕೊಂಡೆ. ಎರಡೂ ಮಾಡ್ಲಿಲ್ಲ. ಕುಂತಲ್ಲೇ ಕುಂತು ಹೇಳಿದ್ರು, ನಿನ್ನ ಮಾವ ಹ್ವಾದ ದಿನ ಮುಂಜಾನಿ ನಾ ಹಟ್ಟಿಗೆ ಬುತ್ತಿ ಒಯ್ದಿದ್ದೆ, ಮುಖ ಕರ್ರಗಾಗಿತ್ತು, ಯಾಕ ಹಿಂಗ ಅದೀರಿ ಅಂದ್ರ ಆರಾಮ ಅದೀನಿ ನೀ ನಡಿ ಅಂದ್ರು, ನಾ ನಂಬಿ ಬುತ್ತಿ ಇಟ್ಟು ಬಂದೆ. ಇಷ್ಟು ವರ್ಷದಾಗ ಈ ಮಾತು ನನ್ನ ಮುಂದ ಒಮ್ಮೆಯೂ ಹೇಳಿದ್ದಿಲ್ಲ. ಆಮ್ಯಾಲ ಮರ ಬಾಜೂಕ ಸರಿಸಿ, "ಆ ಕಾಗದ ತಾ. ನಂದೂ ಬರಿ, ಅವಂದೂ ಬರಿ, ಏನೂ ಬಿಡಬ್ಯಾಡ" ಅಂದ್ರು. ನಾ ಬರದೆ. ಅವರ ಸಕ್ಕರಿ ಬರದೆ, ನನಗ ರಕ್ತ ಕಡಿಮಿ ಅದ ಅನ್ನೂದು ಬರದೆ, ನಿಮ್ಮ ಹೆಸರಿನ ಮುಂದ ಎದಿ ನೋವು, ಎಡಗೈ ಜೋಮು, ಎರಡು ಸಲ ಅಂತ ಬರದೆ. ಬಂಗಾರ ಕಾರ್ಡಿಗೆ ಟಿಕ್ ಹಾಕಿದೆ. ಅತ್ತಿ ಪಕ್ಕದಾಗ ಕುಂತು ಒಂದೊಂದಕ್ಕೂ ಬಾಯೊಳಗ ಬಿಡ್ತು ಬಿಡ್ತು ಅಂತಿದ್ರು, ಆದ್ರ ಬರೀಬ್ಯಾಡ ಅನ್ಲಿಲ್ಲ.

ನಿಮ್ಮದು ಡಾಕ್ಟರ್ ಕಾಗದ ಒಂದು ಹಚ್ಚೂದು ಬಾಕಿ ಅದ. ಅದನ್ನ ನೀವಿಲ್ಲದ ನಾ ತರಾಕ ಬರೂದಿಲ್ಲ.

ಅಲ್ಲಿ ಬಿಸಲಾಗ ಕುಂದ್ರಬ್ಯಾಡ್ರಿ. ಬೀಡಿ ಕೈಯಾಗ ಹಿಡೀಬ್ಯಾಡ್ರಿ, ಹಿಡದ್ರ ಅಮೀನ್‌ಸಾಬಣ್ಣ ನನಗ ಹೇಳ್ತಾನ, ಈಗ ಆತ ನನ್ನ ಕಡೀ ಮನಶ್ಯಾ. ಜೋಳದ ರೊಟ್ಟಿ ಮ್ಯಾಲಿನ ಥರದಾಗ ಅದಾವ, ಸಜ್ಜಿ ರೊಟ್ಟಿ ಕೆಳಗ, ಅವು ಎರಡು ದಿನ ಜಾಸ್ತಿ ಇರ್ತಾವ. ಅತ್ತಿ ನಿಮಗ ತಲಿ ನೇವರಿಸಿ ಆಶೀರ್ವಾದ ಹೇಳ್ಯಾರ. ಅಮರಿ, ಅಪ್ಪಗ ನನ್ನ ಆಣಿ ಅಂತ ಬರಿ ಅಂದ್ಲು, ಬರದೀನಿ. ಅಮರೇಶ್ವರ ದೇವರು ನಿಮ್ಮ ಮ್ಯಾಲ ಕಣ್ಣಿಟ್ಟಿರ್ಲಿ.

ನಿಮ್ಮ ಪಾದಕ್ಕ ಹಣಿ ಹಚ್ಚಿ,
ನಿಮ್ಮ ರೇಣುಕಾ

ತಾ.ಕ.: ಲಾರಿ ಬಂದದ, ಅಮೀನ್‌ಸಾಬಣ್ಣ ಹಾರ್ನ್ ಹೊಡ್ಯಾಕತ್ತಾನ, ಗಡಿಬಿಡ್ಯಾಗ ಬರೀತೀನಿ. ಲಾರ್‍ಯಾಗ ಪಂಪು ಹುಡುಕಬ್ಯಾಡ್ರಿ, ಅದು ಬಂದಿಲ್ಲ. ಇದು ನನ್ನ ಬುದ್ಧಿ ಅಲ್ಲ, ನಿಮ್ಮ ಅವ್ವಂದು. ಮುಂಜಾನಿ ನಾ ರೊಟ್ಟಿ ಬಡಿಯೂದ್ರಾಗ ಅದನ್ನ ಎಳಕೊಂಡು ಹೋಗಿ ತಮ್ಮ ಮಂಚದ ಕೆಳಗ ಇಟ್ಟು, ಮ್ಯಾಲ ಕುಂತಾರ, ಚಾ ಕುಡಿಯಾಕೂ ಕೆಳಗ ಇಳದಿಲ್ಲ. ಸಾವ್ಕಾರ್ರಿಗೆ ನಾನೇ ಫೋನ್ ಹಚ್ಚಿ ಇದ್ದದ್ದು ಇದ್ದಂಗ ಹೇಳೀನಿ, ಅವರು ಪೂರಾ ಕೇಳಿ ಫೋನ್ ಇಟ್ರು. ಆಮ್ಯಾಲ ಅವರ ಮನಿ ಆಳು ಪಂಪು ಒಯ್ಯಾಕ ಬಂದಿದ್ದ. ನಿಮ್ಮ ಅವ್ವ ಮಂಚದ ಮ್ಯಾಲಿಂದಾನ, ಪಂಪು ಆರಾಮ ಅದ, ನನ್ನ ಮಗ ಬಂದು ಒಯ್ತಾನ ಅಂತ ಹೇಳಿ ಕಳಿಸಿದ್ರು. ನಾಳಿ ಲಾರಿ ಖಾಲಿ ಆಗಿ ತಿರುಗಿ ಬರ್ತದ. ಅದರಾಗ ಹತ್ರಿ.